ಕಮಲಾಪುರದ ಮೂರನೆಯ ತಿರುವು

ಕಲಬುರಗಿಯ ನಮ್ಮ ಶಹಾಬಜಾರದಿಂದ ಕಮಲಾಪುರಕ್ಕೆ ಇಪ್ಪತ್ತಮೂರು ಮೈಲಿ. ಸರ್ವೀಸ್ ಮೋಟಾರಿನಲ್ಲಿ ಕುಳಿತರೆ ಹೈದರಾಬಾದಿನ ಹಾಲಿ ಸಿಕ್ಕಾ ನಾಣ್ಯದಲ್ಲಿ ಎಂಟಾಣೆ ಕೊಟ್ಟು, ಎರಡು ತಾಸು ಧೂಳು ಕುಡಿದು ಇಳಿಯಬಹುದು. ಚಕ್ಕಡಿಯಲ್ಲಾದರೆ ಒಂದು ಹಗಲು ಹೋಯಿತೆಂದೇ ಲೆಕ್ಕ. ನಾವು ಮೂವರು ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಹೊರಟದ್ದು ಎರಡು ಸೈಕಲ್ಲು ಮತ್ತು ಒಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ಲಿನ ಮೇಲೆ. ಒಂದು ಸೈಕಲ್ಲಿನ ಮೇಲೆ ನಾನು. ಇನ್ನೊಂದರ ಮೇಲೆ ನಮ್ಮ ಅಕ್ಕ ನೀಲಮ್ಮ, ಊರ ದೊಡ್ಡ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿ, ನಲವತ್ತೊಂದು ವರ್ಷದವಳು. ಫಟಫಟಿಯ ಮೇಲೆ ಡಾಕ್ಟರ್ ಹಮೀದ್ ಸಾಹೇಬರು, ಜಿಲ್ಲೆಯ ಸಣ್ಣ ದವಾಖಾನೆಗಳನ್ನು ತಪಾಸಣೆ ಮಾಡುವ ಅಧಿಕಾರಿ.

ಓಣಿ ಇನ್ನೂ ಅರೆನಿದ್ದೆಯಲ್ಲಿತ್ತು. ಫಟಫಟಿಯ ಸದ್ದಿಗೆ ಬಾಗಿಲುಗಳೆಲ್ಲ ತೆರೆದುಕೊಂಡವು. ಅಕ್ಕ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸೆರಗನ್ನು ಬಿಗಿದು ನಡುವಿಗೆ ಸಿಕ್ಕಿಸಿದ್ದಳು. ಅವಳು ಸೈಕಲ್ ತುಳಿಯುವುದನ್ನು ಓಣಿಯವರು ಆರು ತಿಂಗಳಿಂದ ನೋಡುತ್ತಿದ್ದರೂ ಅವರಿಗೆ ಇನ್ನೂ ರೂಢಿಯಾಗಿರಲಿಲ್ಲ. ಎಣ್ಣೆ ಅಂಗಡಿಯ ಮುದುಕ ತನ್ನ ಮನೆಗೆ ಬಂದ ನೆಂಟರಿಗೆ, ಆಕೆ ಸೈಕಲ್ ಮಾಸ್ತರನ ಅಕ್ಕ ಎಂದು ತಿಳಿಸುತ್ತಿದ್ದುದು ನನ್ನ ಕಿವಿಗೆ ಬಿತ್ತು. ಶಹಾಬಜಾರದಲ್ಲಿ ಅವಳಿಗಿದ್ದ ಹೆಸರೇ ಅದು. ಸುಳ್ಳೇಕೆ ಹೇಳಲಿ, ಆ ಹೆಸರು ಕೇಳಿದಾಗಲೆಲ್ಲ ನನ್ನ ಎದೆ ಒಂದು ಅಂಗುಲ ಹಿಗ್ಗುತ್ತಿತ್ತು.

ಸೈಕಲ್ ಮಾಸ್ತರ ಎಂದರೆ ನಾನೇ. ಹದಿನೆಂಟು ವರ್ಷದಿಂದ ಸೈಕಲ್ ಬಾಡಿಗೆಗೆ ಕೊಡುತ್ತೇನೆ, ಪಂಕ್ಚರು ತಿದ್ದುತ್ತೇನೆ, ಕಲಿಯಲು ಬಂದವರಿಗೆ ಕಲಿಸುತ್ತೇನೆ. ನೆಟ್ಟಗೆ ಹೋಗುವುದನ್ನು ಯಾರು ಬೇಕಾದರೂ ಕಲಿಸಿಯಾರು. ತಿರುವು ಕಲಿಸುವವನು ಈ ಊರಿನಲ್ಲಿ ನಾನೊಬ್ಬನೇ. ತಿರುವಿನಲ್ಲಿ ಸೈಕಲ್ಲು ಮಗ್ಗುಲಿಗೆ ವಾಲುತ್ತದೆ. ಆಗಲೂ ತುಳಿಯುತ್ತಲೇ ಇದ್ದರೆ ಒಳಮಗ್ಗುಲಿನ ಪೆಡಲು ನೆಲಕ್ಕೆ ಬಡಿದು ಸವಾರ ಮಣ್ಣು ಮುಕ್ಕುತ್ತಾನೆ. ಆದ್ದರಿಂದ ತುಳಿಯುವುದನ್ನು ನಿಲ್ಲಿಸಬೇಕು. ಒಳಗಿನ ಕಾಲು ಮೇಲೆ, ಹೊರಗಿನ ಕಾಲು ಕೆಳಗೆ, ಮೈಭಾರವೆಲ್ಲ ಆ ಹೊರಗಿನ ಕಾಲಿನ ಮೇಲೆ. ಬಾಯಿಮಾತಿನಲ್ಲಿ ಹೇಳಿದರೆ ಇದು ಯಾರ ತಲೆಗೂ ಹೋಗುವುದಿಲ್ಲ. ಅದಕ್ಕೆ ನಾನು ಅಂಗಡಿಯ ಹಿಂದಿನ ಬಯಲಿನಲ್ಲಿ ಸುಣ್ಣದಿಂದ ದೊಡ್ಡ ಗುಂಡು ಗೆರೆ ಬರೆದು, ಶಿಷ್ಯನ ಬರಿಗಾಲಿಗೂ ಹೊರಗಿನ ಪೆಡಲಿಗೂ ನಡುವೆ ಒಂದು ಬೇವಿನ ಎಲೆ ಇಡುತ್ತೇನೆ. ಸುತ್ತು ಮುಗಿಯುವವರೆಗೆ ಎಲೆ ಬೀಳಬಾರದು. ಬಿದ್ದರೆ ಮತ್ತೆ ಮೊದಲಿನಿಂದ. ಹದಿನೈದು ದಿನ ಹೀಗೆ ಮಾಡಿದರೆ ತಲೆ ಮರೆತರೂ ಕಾಲು ಮರೆಯುವುದಿಲ್ಲ. ತಿರುವು ಕಂಡರೆ ಸಾಕು, ಹೊರಗಿನ ಕಾಲು ತಾನಾಗಿ ಕೆಳಗೆ ಒತ್ತುತ್ತದೆ.

ಈ ಡಾಕ್ಟರ್ ಸಾಹೇಬರು ಕೂಡ ನನ್ನ ಶಿಷ್ಯರೇ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ನನ್ನ ಅಂಗಡಿಗೆ ಬಂದು ಎಲೆ ಬೀಳಿಸಿ ಬೀಳಿಸಿ ಅತ್ತವರು. ಮುಂದೆ ಹೈದರಾಬಾದಿಗೆ ಹೋಗಿ ಓದಿ ಡಾಕ್ಟರರಾದರು, ಹೋದ ವರ್ಷ ಫಟಫಟಿ ಕೊಂಡರು. ಅದರ ಟ್ಯೂಬು ತೂತಾದರೆ ಈಗಲೂ ನನ್ನ ಹತ್ತಿರವೇ ಬರುತ್ತಾರೆ, ಈಗಲೂ ಮಾಸ್ತರ ಎಂದೇ ಕರೆಯುತ್ತಾರೆ.

ಇನ್ನು ಈ ಪ್ರಯಾಣ ಏಕೆ ಎಂಬ ಮಾತು. ಕಮಲಾಪುರದ ಸುತ್ತಿನ ಗುಡ್ಡಗಳಲ್ಲಿ ಲಂಬಾಣಿ ತಾಂಡಾಗಳಿವೆ. ಹಿಂದಿನ ಮಳೆಗಾಲದಲ್ಲಿ ಅಕ್ಕನನ್ನು ಎರಡು ತಿಂಗಳ ಮಟ್ಟಿಗೆ ಅಲ್ಲಿನ ದವಾಖಾನೆಗೆ ಹಾಕಿದ್ದರು. ಒಂದು ದಿನ ಬೆಳಗಾಗುವ ಹೊತ್ತಿಗೆ ಗುಡ್ಡದ ಮೇಲಿನ ತಾಂಡಾದಿಂದ ಕರೆ ಬಂತು. ಚಕ್ಕಡಿ ಗೊತ್ತು ಮಾಡಿ, ಎತ್ತು ಹೂಡಿಸಿ, ಗುಡ್ಡ ಹತ್ತುವಷ್ಟರಲ್ಲಿ ನಡುಮಧ್ಯಾಹ್ನ. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಅಕ್ಕ ಕಲಬುರಗಿಗೆ ಹಿಂತಿರುಗಿದ ಸಂಜೆ ಮನೆಗೂ ಹೋಗದೆ ನೆಟ್ಟಗೆ ನನ್ನ ಅಂಗಡಿಗೆ ಬಂದು, ತನಗೆ ಸೈಕಲ್ ಕಲಿಸು ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಕಮಲಾಪುರಕ್ಕೆ ತನ್ನನ್ನು ಕಾಯಂ ಹಾಕಬೇಕು, ಸವಾರಿಗೆ ಸೈಕಲ್ ಕೊಡಬೇಕು ಎಂದು ಅವಳು ಬರೆದುಕೊಂಡ ಅರ್ಜಿ ಹೈದರಾಬಾದಿಗೆ ಹೋಗಿ, ಅಲ್ಲಿಂದ ಒಂದು ಷರತ್ತಿನೊಂದಿಗೆ ಹಿಂದಕ್ಕೆ ಬಂದಿತ್ತು. ಆ ಗುಡ್ಡದ ದಾರಿ ಸೈಕಲ್ ಸವಾರಿಗೆ ಯೋಗ್ಯವೆಂದು ತಪಾಸಣೆಯ ಡಾಕ್ಟರು ಖುದ್ದು ನೋಡಿ ಬರೆದುಕೊಡಬೇಕು. ಅವರು ಹೌದೆಂದರೆ ಅಕ್ಕ ಕಮಲಾಪುರಕ್ಕೆ. ಅಲ್ಲವೆಂದರೆ ತಾಂಡಾದವರಿಗೆ ಮತ್ತೆ ಅದೇ ಚಕ್ಕಡಿ. ತೊಡಕೆಂದರೆ, ಡಾಕ್ಟರ್ ಸಾಹೇಬರು ಅದೇ ದಾರಿಯ ಒಂದು ತಿರುವಿನಲ್ಲಿ ಮೂರು ತಿಂಗಳ ಹಿಂದೆ ಫಟಫಟಿಯಿಂದ ಬಿದ್ದಿದ್ದರು. ಅವರ ಬಲಮೊಳಕಾಲು ಇನ್ನೂ ಪೂರಾ ಮಡಚುತ್ತಿರಲಿಲ್ಲ.

ಊರು ದಾಟಿದ ಮೇಲೆ ಚಳಿ ಕಿವಿ ಕಚ್ಚತೊಡಗಿತು. ಎರಡೂ ಕಡೆ ಎರೆ ಹೊಲ, ತೆನೆ ಹೊತ್ತ ಬಿಳಿಜೋಳ, ಅಂಚಿನಲ್ಲಿ ಕುಸುಬಿಯ ಹಳದಿ. ಸಡಕು ಮುರುಮಿನ ಗರಸು ಮಣ್ಣು ಹಾಕಿದ್ದು, ಬಂಡಿಯ ಜಾಡು ಬಿಟ್ಟು ನಡುವೆ ಹೋದರೆ ಸೈಕಲ್ಲಿಗೆ ಸುಖ. ಡಾಕ್ಟರ್ ಸಾಹೇಬರು ಫಟಫಟಿ ಬಿಟ್ಟುಕೊಂಡು ಮುಂದೆ ಹೋಗುವುದು, ಎಲ್ಲಾದರೂ ಮರದ ಕೆಳಗೆ ನಿಂತು ನಮ್ಮ ದಾರಿ ಕಾಯುವುದು, ನಾವು ಬಂದೊಡನೆ ಗಡಿಯಾರ ನೋಡುವುದು, ಹೀಗೆ ಸಾಗಿತು. ಆ ಗಡಿಯಾರ ನೋಡುವುದು ನನಗೆ ಸೇರಲಿಲ್ಲ. ಅವರದ್ದು ಎಣ್ಣೆ ಕುಡಿದು ಓಡುವ ಗಾಡಿ. ನಮ್ಮದು ರೊಟ್ಟಿ ತಿಂದು ತುಳಿಯುವ ಗಾಡಿ. ಎರಡಕ್ಕೂ ಒಂದೇ ಗಡಿಯಾರ ಹಿಡಿದರೆ ಹೇಗೆ?

ಆವರಾದದಲ್ಲಿ ಒಂದು ಬಟ್ಟಲು ಚಹಾ ಕುಡಿದೆವು. ಅಕ್ಕನಿಗೆ ದಣಿವು ಇರಲಿಲ್ಲ ಎಂದಲ್ಲ, ಆದರೆ ಅವಳು ಕೂರಲಿಲ್ಲ. ನಿಂತೇ ಕುಡಿದು, ಸೈಕಲ್ಲಿನ ಹಿಂದೆ ಕಟ್ಟಿದ ತನ್ನ ಚೀಲದ ಹಗ್ಗ ಬಿಗಿ ಮಾಡಿಕೊಂಡಳು. ಆ ಚೀಲದಲ್ಲಿ ಬೇಸಿನ್ನು, ಕತ್ತರಿ, ಅರಳೆಯ ಡಬ್ಬಿ, ಔಷಧದ ಬಾಟಲಿಗಳು ಎಲ್ಲ ಇದ್ದವು. ಖಾಲಿ ಚೀಲ ತಂದರೂ ನಡೆಯುತ್ತಿತ್ತು ಎಂದು ನಾನು ಹೇಳಿದ್ದಕ್ಕೆ, ಖಾಲಿ ಚೀಲ ಹೊತ್ತು ಯಾವ ಬಾಣಂತಿಯ ಮನೆಗೂ ಹೋಗುವುದಿಲ್ಲ ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಕುರಿಕೋಟಾದ ಹಳ್ಳದಲ್ಲಿ ಮೊಳಕಾಲುದ್ದ ನೀರು. ಅಕ್ಕ, ನಾನು ಸೈಕಲ್ಲುಗಳನ್ನು ಹೆಗಲಿಗೇರಿಸಿ ದಾಟಿದೆವು. ಫಟಫಟಿ ಮಾತ್ರ ನಟ್ಟನಡುವೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಡಾಕ್ಟರ್ ಸಾಹೇಬರು ಪ್ಯಾಂಟು ಮಡಚಿ ನೀರಿಗಿಳಿದು ಅದನ್ನು ನೂಕತೊಡಗಿದಾಗ ನಾನೂ ಹೋಗಿ ಕೈ ಹಚ್ಚಿದೆ. ದಂಡೆಗೆ ತಂದು ಒರೆಸಿ, ಒದ್ದು ಚಾಲೂ ಮಾಡಲು ಅರ್ಧ ತಾಸು ಹಿಡಿಯಿತು. ಈಗ ಗಡಿಯಾರ ಯಾರು ನೋಡಬೇಕು ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನ ಕಡೆ ಒಂದು ನೋಟ ಎಸೆದಳು, ನುಂಗಿಕೊಂಡೆ.

ಮಹಾಗಾಂವ ಕ್ರಾಸಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಬದನೆಕಾಯಿ, ಶೇಂಗಾಹಿಂಡಿ, ಮೇಲೆ ಗಡಿಗೆಯ ಮೊಸರು. ಹೊಟ್ಟೆ ತುಂಬಿದ ಮೇಲೆ ಡಾಕ್ಟರ್ ಸಾಹೇಬರು ತಾವಾಗಿಯೇ ಮಾತು ತೆಗೆದರು. ಸೈಕಲ್ಲಿನ ತಿರುವು ಬೇರೆ, ಫಟಫಟಿಯ ತಿರುವು ಬೇರೆ ಎಂದು ಅವರು ಹೇಳಿದ ರೀತಿ ನನಗೆ ಹಿಡಿಸಿತು. ಸೈಕಲ್ಲಿನ ಮೇಲೆ ಸವಾರನೇ ಭಾರ, ಆದ್ದರಿಂದ ಅವನ ಮೈ ಹೋದ ಕಡೆ ಗಾಡಿ ಬರುತ್ತದೆ. ಫಟಫಟಿ ಸವಾರನಿಗಿಂತ ಎರಡು ಪಟ್ಟು ಭಾರ, ಅದನ್ನು ಒಲಿಸಿ ವಾಲಿಸಬೇಕು. ಸೈಕಲ್ಲನ್ನು ತಿರುವಿನಲ್ಲಿ ತುಳಿಯಬಾರದು. ಫಟಫಟಿಗೆ ತಿರುವಿನಲ್ಲೂ ಬಲಗೈಯಿಂದ ಒಂದಿಷ್ಟು ರೇಸು ಕೊಡುತ್ತಲೇ ಇರಬೇಕು, ನಡುವೆ ಬಿಟ್ಟರೆ ಅದು ಮುನಿಸಿಕೊಳ್ಳುತ್ತದೆ. ಸೈಕಲ್ಲಿನ ಎರಡೂ ಬ್ರೇಕು ಕೈಯಲ್ಲಿವೆ. ಫಟಫಟಿಯ ಮುಂದಿನದು ಕೈಯಲ್ಲಿ, ಹಿಂದಿನದು ಎಡಗಾಲಿನ ಕೆಳಗೆ. ಇದನ್ನೆಲ್ಲ ಹೇಳಿ ಅವರು ಬಲಮೊಳಕಾಲು ನೀವಿಕೊಂಡರು.

"ಇಷ್ಟೆಲ್ಲಾ ಗೊತ್ತಿದ್ದೂ ನಾ ಬಿದ್ದೀನಿ, ಮಾಸ್ತರ. ಆ ಗುಡ್ಡದ ಮೂರನೇ ಮೋಡ್, ಮೂರನೇ ತಿರುವು, ಖತರ್ನಾಕ್ ಅದ. ಇಂಜಿನ್ ಇದ್ದ ಗಾಡೀನೇ ಅಲ್ಲಿ ನಿಲ್ಲಲಿಲ್ಲ. ನಾಳೆ ಬಾಯಿಯವರು ಒಬ್ಬರೇ ಬಿದ್ರ ಎತ್ತಾಕ ಯಾರದಾರ?"

ಅಕ್ಕ ರೊಟ್ಟಿಯ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಬಿದ್ದ ಮ್ಯಾಲ ಎತ್ತೋರ ಚಿಂತಿ ಸಾಹೇಬ್ರ. ಹೆರಿಗಿ ನೋವಿನಾಗ ನಾ ಬರೋ ಹಾದಿ ನೋಡಿಕೋತ ಮಲಗಿದಾಕಿನ್ನ ಯಾರು ಎತ್ತಬೇಕು?"

ಸಾಹೇಬರು ಎದ್ದು ಫಟಫಟಿಯ ಕಡೆ ನಡೆದರು. ಒಳ್ಳೆಯ ಮನುಷ್ಯ. ಅಕ್ಕನ ಮೇಲಿನ ಕಾಳಜಿಯಿಂದಲೇ ಇಲ್ಲ ಎನ್ನಲು ಹೊರಟಿದ್ದರು, ಅದೇ ಸಂಕಟ. ಸಿಟ್ಟಿನ ಮನುಷ್ಯನಾಗಿದ್ದರೆ ಜಗಳವಾಡಬಹುದಿತ್ತು.

ಅಲ್ಲಿಂದ ಮುಂದೆ ಮಣ್ಣಿನ ಬಣ್ಣ ಬದಲಾಯಿತು. ಕರಿ ಎರೆ ಹಿಂದೆ ಬಿದ್ದು ಕೆಂಪು ಮಣ್ಣು ಬಂತು, ನಮ್ಮ ಚಕ್ರಗಳೂ ಕೆಂಪಾದವು. ಎರಡು ಗಂಟೆಯ ಸುಮಾರಿಗೆ ಕಮಲಾಪುರ ಮುಟ್ಟಿದೆವು. ದವಾಖಾನೆಯ ಜವಾನ ಬಿಸಿನೀರು ಕಾಯಿಸಿ, ಆ ಊರಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತಂದಿಟ್ಟ. ಕಲಬುರಗಿಯ ಪೇಟೆಯಲ್ಲಿ ಇವನ್ನು ತಿಂದವರಿಗೆ ಇವುಗಳ ರುಚಿ ಅರ್ಧವೇ ಗೊತ್ತು. ನಾನು ನಾಲ್ಕು ತಿಂದೆ. ಇಪ್ಪತ್ತಮೂರು ಮೈಲಿ ತುಳಿದ ಅಕ್ಕ ಒಂದು ತಿಂದು, ಕೈ ತೊಳೆದುಕೊಂಡು ದವಾಖಾನೆಯ ಹೆರಿಗೆ ಕೋಣೆಯ ಬಾಗಿಲು ತೆಗೆಸಿ ನೋಡಿದಳು. ಆರು ತಿಂಗಳು ಯಾರೂ ಉಪಯೋಗಿಸದ ಕೋಣೆ. ಪೊರಕೆ ಕೇಳಿ ಇಸಿದುಕೊಂಡು ತಾನೇ ಗುಡಿಸಿದಳು.

ಸಂಜೆ ಮೂವರೂ ನಡೆದು ಗುಡ್ಡದ ದಾರಿ ನೋಡಿ ಬಂದೆವು. ಊರ ಹೊರಗೆ ಸಡಕಿನಿಂದ ಕವಲೊಡೆದು ತಾಂಡಾಗಳಿಗೆ ಏರುವ ದಾರಿ ಅದು. ಮೇಲಿನಿಂದ ಇಳಿಯುವಾಗ ಮೊದಲಿನ ಎರಡು ತಿರುವು ಎಡಕ್ಕೆ, ಮೂರನೆಯದು ಬಲಕ್ಕೆ. ಮೂರನೆಯದರ ಅಂಚಿನಲ್ಲಿ ತಗ್ಗು, ತಗ್ಗಿನಲ್ಲಿ ಜಾಲಿಯ ಪೊದೆ. ನಿಜ ಹೇಳಬೇಕೆಂದರೆ ಮೂರರಲ್ಲಿ ಅದೇ ಅಗಲವಾದದ್ದು. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಡಾಕ್ಟರ್ ಸಾಹೇಬರು ಮಾತ್ರ ಅಲ್ಲಿ ದನಿ ತಗ್ಗಿಸಿದರು. ಮೊದಲೆರಡು ತಿರುವು ಹೂವಿನ ಹಾಗೆ ಇಳಿದೆ, ಇಲ್ಲಿ ಹಿಂದಿನ ಚಕ್ರ ತಾನಾಗಿ ಜಾರಿತು ಎಂದರು. ಹಿಂತಿರುಗುವಾಗ, ತಮ್ಮಿಂದ ಹೌದೆಂದು ಬರೆಯುವುದಾಗದು ಎಂದು ಅಕ್ಕನಿಗೆ ಕೇಳುವಂತೆಯೇ ನನಗೆ ಹೇಳಿದರು.

ಮರುದಿನ ಬೆಳಿಗ್ಗೆ ಚಹಾ ಆದ ಮೇಲೆ ನಾನು ಅವರ ಮುಂದೆ ನಿಂತು ಒಂದು ಮಾತು ಕೇಳಿಕೊಂಡೆ. ಅವರ ಫಟಫಟಿಯನ್ನು ನನಗೆ ಕೊಡಬೇಕು. ನಾನೇ ಅದೇ ತಿರುವು ಇಳಿದು ತೋರಿಸುತ್ತೇನೆ. ತಪ್ಪು ತಿರುವಿನದಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಬರೆಯಲಿ. ಟ್ಯೂಬು ತಿದ್ದಿದಾಗಲೆಲ್ಲ ನಮ್ಮೂರ ನೆಟ್ಟಗಿನ ಸಡಕಿನ ಮೇಲೆ ಅದನ್ನು ಓಡಿಸಿ ನೋಡಿದವನು ನಾನು, ಹೊಸಬನಲ್ಲ. ಇಡೀ ಜಿಲ್ಲೆಗೆ ತಿರುವು ಕಲಿಸಿದವನಿಗೆ ಇದೊಂದು ತಿರುವು ಯಾವ ಲೆಕ್ಕ ಎಂದೂ ಅಂದೆನೆಂದು ನೆನಪು. ಡಾಕ್ಟರ್ ಸಾಹೇಬರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಅಕ್ಕ ಒಪ್ಪಲಿಲ್ಲ, ಆದರೆ ನಾನು ಅವಳನ್ನು ಕೇಳಿರಲಿಲ್ಲ.

ಅವರಿಬ್ಬರೂ ಮೂರನೆಯ ತಿರುವಿನ ಒಳಮಗ್ಗುಲಿನ ದಿನ್ನೆಯ ಮೇಲೆ ನಿಂತರು. ನಾನು ಮೇಲಕ್ಕೆ ಹೋಗಿ ಫಟಫಟಿ ತಿರುಗಿಸಿ ಇಳಿಯಲು ಸುರು ಮಾಡಿದೆ. ಮೊದಲನೆಯ ತಿರುವಿನಲ್ಲಿ ಸಾಹೇಬರು ಹೇಳಿದಂತೆ ಒಂದಿಷ್ಟು ರೇಸು ಹಿಡಿದೇ ಎಡಕ್ಕೆ ವಾಲಿಸಿದೆ. ಗಾಡಿ ಸರಾಗವಾಗಿ ಬಂತು. ಎರಡನೆಯದರಲ್ಲೂ ಹಾಗೆಯೇ. ಮೀಸೆಯ ಕೆಳಗೆ ನಗು ಬಂದದ್ದು ನನಗೇ ಗೊತ್ತಾಯಿತು. ಮೂರನೆಯದು ಎದುರಾಯಿತು, ಬಲಕ್ಕೆ ವಾಲಿಸಿದೆ. ಹಿಂದಿನ ಚಕ್ರ ಒಮ್ಮೆಗೇ ನಿಂತುಬಿಟ್ಟು ಹೊರಕ್ಕೆ ಜಾರಿತು. ಆಮೇಲೆ ನನಗೆ ತಿಳಿದದ್ದು ಜಾಲಿಮುಳ್ಳು ಮತ್ತು ಪೆಟ್ರೋಲಿನ ವಾಸನೆ.

ಅಕ್ಕ ಓಡಿ ಬಂದು ನನ್ನ ಕೈಕಾಲುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಬಲಗೈಯ ಮಣಿಕಟ್ಟು ಉಳುಕಿತ್ತು, ಉಳಿದದ್ದೆಲ್ಲ ತರಚು ಗಾಯ. ಎಡಗಾಲಿನ ಹತ್ತಿರ ಬಂದು ಅವಳು ತಡೆದಳು. ಮೀನಖಂಡ ಕಲ್ಲಾಗಿತ್ತು.

"ಕಾಲು ಸಡಲ ಬಿಡೋ ತಮ್ಮಾ. ಯಾಕ ಇಷ್ಟು ಒತ್ತೀದಿ?"

ಹೌದು, ನೆಲದ ಮೇಲೆ ಬಿದ್ದ ಮೇಲೂ ನನ್ನ ಎಡಗಾಲು ಕೆಳಗೆ ಒತ್ತಿಕೊಂಡೇ ಇತ್ತು. ನಾನು ತಲೆ ಹೊರಳಿಸಿ ನೋಡಿದೆ. ಕೆಂಪು ಮುರುಮಿನ ಮೇಲೆ ಹಿಂದಿನ ಚಕ್ರ ಎಳೆದ ಉದ್ದ ಗೀಟು ಇತ್ತು. ಉರುಳುವ ಚಕ್ರ ಗೀಟು ಎಳೆಯುವುದಿಲ್ಲ, ಬ್ರೇಕು ಹಿಡಿದ ಚಕ್ರ ಎಳೆಯುತ್ತದೆ. ಬಲ ತಿರುವು. ಹೊರಗಿನ ಕಾಲು ಎಂದರೆ ಎಡಗಾಲು. ಎಡಗಾಲಿನ ಕೆಳಗೆ ಸೈಕಲ್ಲಿನ ಪೆಡಲಿಲ್ಲ, ಫಟಫಟಿಯ ಬ್ರೇಕು ಇದೆ. ಹದಿನೆಂಟು ವರ್ಷ ನಾನು ಊರಿಗೆಲ್ಲ ಕಲಿಸಿದ ಪಾಠವನ್ನು ನನ್ನ ಕಾಲು ನನಗೇ ಒಪ್ಪಿಸಿತ್ತು.

ಡಾಕ್ಟರ್ ಸಾಹೇಬರು ಆ ಗೀಟಿನ ಪಕ್ಕ ನಿಂತು, ತಾವು ಬಿದ್ದ ದಿನವೂ ಗಾಡಿ ಹೀಗೇ ಗೀಟು ಎಳೆದಿತ್ತು, ಮಾಸ್ತರನೇ ಬಿದ್ದ ಮೇಲೆ ಇನ್ನೇನು ಹೇಳುವುದಿದೆ ಎಂದು ಮರುಕದಿಂದ ಹೇಳಿದರು. ಜೇಬಿನಿಂದ ಕಾಗದ ತೆಗೆದರು. ಅಲ್ಲಿ ಒಂದು ಗಳಿಗೆ ನಾನು ಸುಮ್ಮನಿದ್ದೆ. ಓದುವವರಿಗೆ ನಾನು ಮಾಡಿದ ಬಡಿವಾರವನ್ನೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಬಾಯಿ ಮುಚ್ಚಿಕೊಂಡರೆ ತಪ್ಪು ತಿರುವಿನದಾಗುತ್ತಿತ್ತು, ಮಾಸ್ತರಿಕೆ ಉಳಿಯುತ್ತಿತ್ತು. ಸಾಹೇಬರ ಮೊಳಕಾಲು ಕೆಡಿಸಿದ್ದು ಕಲ್ಲೂ ಅಲ್ಲ, ಮಣ್ಣೂ ಅಲ್ಲ, ನಾನು. ಅಕ್ಕ ತನ್ನ ಚೀಲದಿಂದ ಪಟ್ಟಿ ತೆಗೆದು ನನ್ನ ಕೈಗೆ ಸುತ್ತುತ್ತಿದ್ದಳು. ಅವಳ ಮುಖದ ಮೇಲೆ ಏನೂ ಇರಲಿಲ್ಲ. ತಾಂಡಾಕ್ಕೆ ತಡವಾಗಿ ಮುಟ್ಟಿದ ದಿನವೂ ಅವಳ ಮುಖ ಹೀಗೇ ಇದ್ದಿರಬೇಕು ಎಂದು ನನಗೆ ಅನಿಸಿತು.

"ಬರೀಬ್ಯಾಡ್ರಿ ಸಾಹೇಬ್ರ," ಎಂದೆ. "ನಿಮ್ಮನ್ನ ಇಲ್ಲಿ ಕೆಡವಿದಾಂವ ನಾನು. ಬಲಕ್ಕ ಹೊಳ್ಳುವಾಗ ನಿಮ್ಮ ಎಡಗಾಲು ಏನು ಮಾಡಿತ್ತು, ನೆನಪು ಮಾಡ್ಕೋರಿ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಬೇವಿನ ಎಲೆಯ ಮಾತು ತೆಗೆದು, ಬ್ರೇಕಿನ ಮಾತು ತೆಗೆದು, ಎರಡನ್ನೂ ಜೋಡಿಸಿ ಹೇಳಿದೆ. ಎಡ ತಿರುವುಗಳಲ್ಲಿ ಒತ್ತುವುದು ಬಲಗಾಲು, ಅದರ ಕೆಳಗೆ ಏನೂ ಇಲ್ಲದ್ದರಿಂದ ಅವರೂ ಪಾರಾದರು, ನಾನೂ ಪಾರಾದೆ. ಏರುವಾಗ ಗಾಡಿ ನಿಧಾನ, ಬ್ರೇಕು ಬಿದ್ದರೂ ಚಕ್ರ ಜಾರುವುದಿಲ್ಲ. ಅವರು ಹೋಗಿ, ಪೊದೆಯಿಂದ ಎಬ್ಬಿಸಿ ನಿಲ್ಲಿಸಿದ್ದ ಫಟಫಟಿಯ ಮೇಲೆ ಕುಳಿತರು. ಹ್ಯಾಂಡಲ್ ಹಿಡಿದು, ಕಣ್ಣು ಮುಚ್ಚಿ, ಮೈಯನ್ನು ಬಲಕ್ಕೆ ವಾಲಿಸಿದರು. ಅವರ ಎಡ ಬೂಟು ತಾನಾಗಿ ಕೆಳಗೆ ಹೋಯಿತು. ಕಣ್ಣು ಬಿಟ್ಟು ಅದನ್ನೇ ನೋಡಿದರು.

"ಎಲಿ ಬೀಳಬಾರ್ದಂತ ಒತ್ತೀನಿ, ಮಾಸ್ತರ," ಎಂದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ನಕ್ಕರು. ನಗುತ್ತಲೇ ಮೊಳಕಾಲು ನೀವಿಕೊಂಡರು.

ಹಾಗಾದರೆ ಸೈಕಲ್ಲಿಗೆ ಆ ಪಾಠ ಸರಿಯೆಂದು ನಂಬುವುದು ಹೇಗೆ ಎಂದು ಅವರು ಕೇಳಿದ್ದು ನ್ಯಾಯವೇ. ತಿರುಗಿ ನೋಡಿದರೆ ಅಕ್ಕ ಅಲ್ಲಿರಲಿಲ್ಲ. ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಆಗಲೇ ಗುಡ್ಡ ಹತ್ತುತ್ತಿದ್ದಳು. ದಾರಿಯಲ್ಲಿ ಒಂದು ಬೇವಿನ ಗಿಡದ ಹತ್ತಿರ ನಿಂತು ಕೈ ಚಾಚಿದ್ದು ಕೆಳಗಿನಿಂದಲೇ ಕಂಡಿತು.

ಅವಳು ಇಳಿಯಲು ಎಷ್ಟು ಹೊತ್ತಾಯಿತೆಂದು ಗಡಿಯಾರದಲ್ಲಿ ಯಾರೂ ನೋಡಲಿಲ್ಲ. ಮೊದಲ ತಿರುವಿಗೆ ಬರುವ ಮುಂಚೆಯೇ ಬ್ರೇಕು ಹಿಡಿದು ವೇಗ ಇಳಿಸಿದಳು, ತಿರುವಿನಲ್ಲಿ ಬ್ರೇಕು ಮುಟ್ಟಲಿಲ್ಲ. ಎರಡನೆಯದೂ ಹಾಗೆಯೇ. ಆಮೇಲೆ ಮೂರನೆಯದು. ಅಲ್ಲಿ ಅವಳು ನಾನು ಕಲಿಸದ ಒಂದು ಕೆಲಸ ಮಾಡಿದಳು. ದಾರಿಯ ಎಡ ಅಂಚಿಗೆ ಸರಿದು, ಗಂಟೆ ಬಾರಿಸಿ, ತಗ್ಗಿನ ಕಡೆಗಾಗಲಿ ಮುಂದಿನ ಚಕ್ರದ ಕಡೆಗಾಗಲಿ ನೋಡದೆ, ಕತ್ತು ಹೊರಳಿಸಿ ತಿರುವಿನ ಆಚೆಯ ದಾರಿಯನ್ನು ನೋಡಿದಳು. ಬಲಗಾಲು ಮೇಲೆ, ಎಡಗಾಲು ಕೆಳಗೆ. ಸೈಕಲ್ಲು ವಾಲಿತು, ಅಗಲವಾಗಿ ಸುತ್ತಿತು, ನೆಟ್ಟಗಾಯಿತು. ಚೀಲದಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿದ ಸದ್ದು ಕೂಡ ಬರಲಿಲ್ಲ.

ನಮ್ಮ ಮುಂದೆ ಬಂದು ನಿಂತು, ಅವಳು ಎಡಗಾಲನ್ನು ಪೆಡಲಿನಿಂದ ಎತ್ತಿದಳು. ಅಂಗಾಲಿಗೆ ಬೇವಿನ ಎಲೆ ಅಂಟಿಕೊಂಡಿತ್ತು. ಡಾಕ್ಟರ್ ಸಾಹೇಬರು ಬಗ್ಗಿ ಅದನ್ನು ನೋಡಿದರು. ತಗ್ಗಿನ ಕಡೆ ಏಕೆ ನೋಡಲಿಲ್ಲ ಎಂದು ನಾನು ಕೇಳಿದೆ, ಗುರು ಶಿಷ್ಯಳನ್ನು ಕೇಳುವ ದನಿಯಲ್ಲಲ್ಲ.

"ಹೆರಿಗಿ ಮನ್ಯಾಗ ನಾ ಅಂಜಿದವರ ಮಾರಿ ನೋಡಂಗಿಲ್ಲಪಾ. ಕೂಸು ಬರೋ ಕಡೆ ನೋಡ್ತೀನಿ. ಇಲ್ಲೂ ಹಂಗ ಮಾಡೀನಿ, ಅಷ್ಟ."

ಹಾಗೆ ಹೇಳಿ ಎಲೆ ಕಿತ್ತು ಎಸೆದು, ಚೀಲಕ್ಕೆ ಸಿಕ್ಕಿಸಿದ್ದ ಚಪ್ಪಲಿ ತೆಗೆದು ಮೆಟ್ಟಿಕೊಂಡಳು. ನನ್ನ ಕಣ್ಣು ತುಂಬಿ ಬಂತು. ಮುಳ್ಳು ತಾಗಿದ ನೋವು ಎಂದು ಹೇಳಿದೆ, ಇಬ್ಬರೂ ನಂಬಲಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಕುಳಿತು ಡಾಕ್ಟರ್ ಸಾಹೇಬರು ಉರ್ದುವಿನಲ್ಲಿ ಅರ್ಧ ಪುಟ ಬರೆದರು. ಬರೆದದ್ದನ್ನು ನಮಗೆ ಕನ್ನಡದಲ್ಲಿ ತಿಳಿಸಿದರು. ದಾರಿ ಸೈಕಲ್ ಸವಾರಿಗೆ ಯೋಗ್ಯವಾಗಿದೆ, ಸವಾರಳು ದಾರಿಗಿಂತ ಯೋಗ್ಯಳಾಗಿದ್ದಾಳೆ. ಕೊನೆಯ ಮಾತು ಕಚೇರಿಯ ಕಾಗದಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ತಾವೇ ಅನುಮಾನಪಟ್ಟು, ಇರಲಿ ಎಂದು ಸಹಿ ಹಾಕಿದರು. ಹುಕುಮು ಬರುವವರೆಗೆ ಅಕ್ಕ ಇಲ್ಲಿಯೇ ಕೆಲಸ ಸುರು ಮಾಡಲಿ ಎಂದೂ ಹೇಳಿದರು. ಆ ಮಧ್ಯಾಹ್ನವೇ ಅವರು ಕಲಬುರಗಿಗೆ ಹೊರಟರು. ಹೊರಡುವಾಗ ತಮ್ಮ ಎಡಗಾಲನ್ನು ಎತ್ತಿ ನನಗೆ ತೋರಿಸಿ ಹೋದರು.

ಉಳುಕಿದ ಕೈಯಿಂದ ಸೈಕಲ್ ತುಳಿಯುವಂತಿರಲಿಲ್ಲ. ಮೂರನೆಯ ದಿನ ಹತ್ತರ ಸರ್ವೀಸ್ ಮೋಟಾರಿಗೆ ಎಂಟಾಣೆ ಕೊಟ್ಟೆ, ಮೇಲೆ ಸೈಕಲ್ ಹೇರಿದ್ದಕ್ಕೆ ಎರಡಾಣೆ ಬೇರೆ. ಹೊರಡುವಾಗ ಅಕ್ಕನಿಗೆ ಹೇಳಿ ಹೋಗೋಣವೆಂದರೆ ಅವಳಿರಲಿಲ್ಲ. ಬೆಳಗಾಗುತ್ತಲೇ ಮೇಲಿನ ತಾಂಡಾದಿಂದ ಕರೆ ಬಂದಿತ್ತಂತೆ, ಚೀಲ ಕಟ್ಟಿಕೊಂಡು ಹೋಗಿದ್ದಾಳೆ ಎಂದು ಜವಾನ ಹೇಳಿದ. ನನಗಾಗಿ ಆರು ಕೆಂಪು ಬಾಳೆಹಣ್ಣು ಇಟ್ಟು ಹೋಗಿದ್ದಳು.

ಮೋಟಾರು ಊರು ಬಿಟ್ಟು ಕವಲುದಾರಿಯ ಹತ್ತಿರ ಬಂದಾಗ ಡ್ರೈವರು ವೇಗ ಇಳಿಸಿದ. ಒಳಗಿದ್ದವರೆಲ್ಲ ಒಂದೇ ಕಡೆ ಬಗ್ಗಿ ನೋಡತೊಡಗಿದರು. ಗುಡ್ಡದ ಮೇಲಿನಿಂದ ಕಚ್ಚೆ ಉಟ್ಟ ಹೆಂಗಸೊಬ್ಬಳು ಸೈಕಲ್ಲಿನ ಮೇಲೆ ಇಳಿದು ಬರುತ್ತಿದ್ದಳು. ಎರಡು ತಿರುವು ಮುಗಿಸಿದ್ದಳು. ಮೂರನೆಯದರ ಅಂಚಿಗೆ ಸರಿದಳು, ಗಂಟೆಯ ಸದ್ದು ಮೋಟಾರಿನೊಳಗೂ ಕೇಳಿಸಿತು. ಕತ್ತು ಹೊರಳಿತು, ಸೈಕಲ್ಲು ವಾಲಿತು, ಸುತ್ತಿ ಬಂತು. ಇಳಿಜಾರು ಮುಗಿದಲ್ಲಿ ತುಳಿಯತೊಡಗಿದಳು, ಅವಸರವಿರಲಿಲ್ಲ. ಅವಸರವಿಲ್ಲ ಎಂದರೆ ಮೇಲೆ ಎಲ್ಲ ಸುಖವಾಗಿ ಮುಗಿದಿದೆ ಎಂದರ್ಥ. ಅಷ್ಟು ದೂರದಿಂದಲೂ ಅದು ನನಗೆ ತಿಳಿಯಿತು.

ಪಕ್ಕದಲ್ಲಿ ಕುಳಿತ ಹುಮನಾಬಾದಿನ ಒಬ್ಬ ವ್ಯಾಪಾರಿ ಆ ಬಾಯಿ ಯಾರೆಂದು ಕೇಳಿದ. ಹೊಸ ನರ್ಸಬಾಯಿ ನೀಲಮ್ಮ ಅಂತ, ತಾಂಡಾದವರ ಬಾಯಲ್ಲಿ ನಿನ್ನೆಯಿಂದ ಅದೇ ಹೆಸರು ಎಂದು ಕಂಡಕ್ಟರು ಹೇಳಿದ. ವ್ಯಾಪಾರಿ ನನ್ನ ಪಟ್ಟಿ ಸುತ್ತಿದ ಕೈಯನ್ನೂ ತರಚಿದ ಮೂಗನ್ನೂ ನೋಡಿ, ತಾವು ಯಾರು ಎಂದು ವಿಚಾರಿಸಿದ. ಹದಿನೆಂಟು ವರ್ಷದಿಂದ ಈ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರವಿತ್ತು. ನಾನು ಕಿಟಕಿಯಿಂದ ತಿರುಗಿ ಇನ್ನೊಮ್ಮೆ ಆ ದಾರಿಯ ಕಡೆ ನೋಡಿದೆ.

"ನಾನೇನ್ರೀ?" ಎಂದೆ. "ನರ್ಸಬಾಯಿ ನೀಲಮ್ಮನ ತಮ್ಮ."